ಜೀವ ಉಳಿಸಿದ್ದಕ್ಕೆ ಸಿಕ್ಕ ಪದಕಗಳು

ಬ್ರಿಟಿಷ್ ಸೇನೆಯ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್. 1856ರಲ್ಲಿ ಆರಂಭವಾದ ಈ ಪದಕವನ್ನು ಎರಡೆರಡು ಬಾರಿ ಗಳಿಸಿದವರು ಇಂದಿಗೂ ಮೂವರೇ. ಅವರಲ್ಲಿ ಶತ್ರುವಿನೊಡನೆ ಕಾದಾಡಿ ಅದನ್ನು ಪಡೆದವರು ನ್ಯೂಜಿಲೆಂಡಿನ ಚಾರ್ಲ್ಸ್ ಅಪಮ್ ಒಬ್ಬರೇ. ಉಳಿದಿಬ್ಬರೂ ವೈದ್ಯರು. ಶೌರ್ಯವೆಂದರೆ ಎದುರಾಳಿಯನ್ನು ಉರುಳಿಸುವುದು ಎಂದುಕೊಂಡವರು ಈ ಲೆಕ್ಕವನ್ನು ಗಮನಿಸಬೇಕು.

ಕ್ಯಾಪ್ಟನ್ ನೋಯೆಲ್ ಶವಾಸ್ ಲಿವರ್‌ಪೂಲ್ ಬಿಷಪ್ಪರ ಮಗ. ಆಕ್ಸ್‌ಫರ್ಡ್‌ನಲ್ಲಿ ಓದಿದವರು, 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಡಿದವರು. ಮೊದಲ ಮಹಾಯುದ್ಧದಲ್ಲಿ ಲಿವರ್‌ಪೂಲ್ ಸ್ಕಾಟಿಷ್ ಬೆಟಾಲಿಯನ್ನಿನ ವೈದ್ಯಾಧಿಕಾರಿಯಾದರು. 1915ರಲ್ಲಿ ಹೂಗ್‌ನಲ್ಲಿ ಮಾಡಿದ ಸೇವೆಗೆ ಮಿಲಿಟರಿ ಕ್ರಾಸ್ ಸಿಕ್ಕಿತು.

1916ರ ಆಗಸ್ಟ್ 9ರಂದು ಸೋಮ್ ಕದನದ ಗಿಯ್ಮೋನ್‌ನಲ್ಲಿ ಅವರು ದಿನವಿಡೀ ಗುಂಡಿನ ಮಳೆಯಲ್ಲೇ ಗಾಯಾಳುಗಳಿಗೆ ಚಿಕಿತ್ಸೆ ನೀಡಿದರು. ರಾತ್ರಿ ಶತ್ರುಪಾಳಯದ ಮುಂದೆಯೇ ನಾಲ್ಕು ತಾಸು ಗಾಯಾಳುಗಳಿಗಾಗಿ ಹುಡುಕಾಡಿದರು. ಮರುದಿನ ಶೆಲ್ಲಿನ ಚೂರು ಪಕ್ಕೆಗೆ ಬಡಿಯಿತು. ಆದರೂ ಆ ರಾತ್ರಿ ಇಪ್ಪತ್ತು ಸ್ವಯಂಸೇವಕರೊಡನೆ ಹೊರಟು, ಶತ್ರುಕಂದಕದಿಂದ 25 ಗಜ ದೂರದ ಗುಂಡಿಯಲ್ಲಿ ಬಿದ್ದಿದ್ದ ಮೂವರನ್ನು ಹೊತ್ತು ತಂದರು. ಸುಮಾರು ಇಪ್ಪತ್ತು ಮಂದಿ ಅವರಿಂದ ಬದುಕಿದರೆಂದು ಸೇನೆ ದಾಖಲಿಸಿ, ಮೊದಲ ವಿಕ್ಟೋರಿಯಾ ಕ್ರಾಸ್ ಕೊಟ್ಟಿತು.

ಎರಡನೆಯದು ಅವರ ಕೈಸೇರಲಿಲ್ಲ. 1917ರ ಜುಲೈ ಕೊನೆಯಲ್ಲಿ ಈಪರ್ ಬಳಿ ತೀವ್ರವಾಗಿ ಗಾಯಗೊಂಡರೂ ಎರಡು ದಿನ ಅವರು ಕರ್ತವ್ಯ ಬಿಡಲಿಲ್ಲ. ಸರಿಯಾದ ಊಟವಿಲ್ಲದೆ, ಬಳಲಿಕೆಯಲ್ಲೂ ಮತ್ತೆ ಮತ್ತೆ ಹೊರಗೆ ಹೋಗಿ ಗಾಯಾಳುಗಳನ್ನು ಹುಡುಕಿದರು. ಆಗಸ್ಟ್ 4ರಂದು ಬ್ರಾಂಡ್‌ಹೂಕ್‌ನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 32.

ಇನ್ನೊಬ್ಬ ವೈದ್ಯ ಆರ್ಥರ್ ಮಾರ್ಟಿನ್ ಲೀಕ್ ಅವರಿಗೆ ಭಾರತದ ನಂಟೂ ಇತ್ತು. ಬೋಯರ್ ಯುದ್ಧ ಮತ್ತು ಮಹಾಯುದ್ಧದ ನಡುವೆ ಅವರು ಬಂಗಾಳ–ನಾಗಪುರ ರೈಲ್ವೆಯಲ್ಲಿ ವೈದ್ಯರಾಗಿದ್ದರು. 1902ರಲ್ಲಿ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ತಾವೇ ಗುಂಡೇಟು ತಿಂದು ಬಿದ್ದಿದ್ದಾಗಲೂ, ಉಳಿದ ಗಾಯಾಳುಗಳೆಲ್ಲ ಕುಡಿಯುವವರೆಗೆ ನೀರು ಮುಟ್ಟಲಿಲ್ಲ. ಅದು ಸಾಮ್ರಾಜ್ಯಕ್ಕಾಗಿ ನಡೆದ ಯುದ್ಧ, ಅದರ ಉದ್ದೇಶವನ್ನು ಒಪ್ಪಬೇಕಾಗಿಲ್ಲ. ಆದರೆ ಆ ನೀರಿನ ಪ್ರಸಂಗ ಯಾವ ಪಕ್ಷದವರ ಕಣ್ಣಿಗೂ ದೊಡ್ಡದೇ.

ವಿಪರ್ಯಾಸವೆಂದರೆ, ಗಾಯಾಳುಗಳನ್ನು ಹೊತ್ತು ತಂದಿದ್ದಕ್ಕೆ ಪದಕ ಕೊಡುವುದನ್ನು ಬ್ರಿಟಿಷ್ ಸೇನೆ 1916ರಲ್ಲೇ ಬಿಗಿಗೊಳಿಸಿತು. ಅದೇ ಕರ್ತವ್ಯವಾಗಿರುವವರಿಗೆ ಮಾತ್ರ ವಿನಾಯಿತಿ. ಇಂಥ ಯತ್ನಗಳಲ್ಲಿ ಕಾಪಾಡಲು ಹೋದವನೂ ಸಾಯುತ್ತಾನೆ ಎಂಬ ಸೇನಾಧಿಕಾರಿಗಳ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೂ ಒಬ್ಬ ಸಾಮಾನ್ಯ ಸಿಪಾಯಿ ಗೆಳೆಯನನ್ನು ಹೊತ್ತು ತಂದರೆ ಅದು ಶತ್ರುವಿನ ಕಂದಕ ಗೆದ್ದಷ್ಟೇ ದೊಡ್ಡ ಸಾಹಸ. ಅದನ್ನು ಲೆಕ್ಕದಿಂದ ಹೊರಗಿಟ್ಟದ್ದು ತಪ್ಪು.

ಮೊದಲ ಮಹಾಯುದ್ಧದ ಪಾಠವನ್ನು ಸೇನಾಪತಿಗಳು ಮತ್ತು ಒಪ್ಪಂದಗಳಲ್ಲೇ ಮುಗಿಸಿಬಿಡುವ ರೂಢಿ ಇದೆ. ಅದೇ ಪಾಠದಲ್ಲಿ ಶವಾಸ್ ಮತ್ತು ಮಾರ್ಟಿನ್ ಲೀಕ್ ಅವರಿಗೂ ಒಂದು ಪುಟ ಇರಬೇಕು.