ಬರ್ತ್‌ಡೇ ಗಿಫ್ಟ್‌ಗೆ ಲಾಟರಿ ಟಿಕೆಟ್ ಬೇಡ

ಹೋದ ವರ್ಷ ಓಣಂ ಹೊತ್ತಿಗೆ ನಾವು ಐದು ಜನ ವಯನಾಡಿಗೆ ಟ್ರಿಪ್ ಹೋಗಿದ್ವಿ. ಸುಲ್ತಾನ್ ಬತ್ತೇರಿಯಲ್ಲಿ ಟೀ ಕುಡಿಯೋಕೆ ನಿಂತಾಗ ಎಲ್ಲರೂ ಓಣಂ ಬಂಪರ್ ಟಿಕೆಟ್ ತಗೊಂಡ್ವಿ. ಒಂದಕ್ಕೆ 500 ರೂಪಾಯಿ. 2024ರಲ್ಲಿ ಮಂಡ್ಯ ಜಿಲ್ಲೆಯ ಒಬ್ಬರಿಗೆ 25 ಕೋಟಿ ಹೊಡೆದದ್ದು ಇದೇ ಬಂಪರ್ ಅಲ್ವಾ, ನಮಗ್ಯಾಕೆ ಹೊಡೀಬಾರದು ಅಂತ. ನಾನು ಎರಡು ತಗೊಂಡೆ. ಎರಡನೆಯದನ್ನು ಜಯನಗರದಲ್ಲಿರುವ ಚಿಕ್ಕಪ್ಪನ ಮಗನಿಗೆ ಬರ್ತ್‌ಡೇ ಗಿಫ್ಟ್ ಅಂತ ಕೊಟ್ಟೆ. ಅವನು ಒಂಬತ್ತನೇ ಕ್ಲಾಸು.

ಕೇಕ್ ತಿನ್ನುತ್ತಾ ಚಿಕ್ಕಪ್ಪ ಕೇಳಿದರು: "ಅಕಸ್ಮಾತ್ ಬಂದ್ರೆ ಟ್ಯಾಕ್ಸ್ ಯಾರಪ್ಪ ಕಟ್ಟೋದು?" ಎಲ್ಲರೂ ನಕ್ಕೆವು. ಉತ್ತರ ಯಾರಿಗೂ ಗೊತ್ತಿರಲಿಲ್ಲ. ಹಾಸ್ಟೆಲ್‌ಗೆ ಬಂದ ಮೇಲೆ ಹುಡುಕಿದೆ.

ಮೊದಲು ಗಿಫ್ಟಿನ ವಿಷಯ. ತೆರಿಗೆ ಕಾನೂನಿನಲ್ಲಿ "ಸಂಬಂಧಿ" ಎಂಬ ಪದಕ್ಕೆ ಒಂದು ಪಟ್ಟಿ ಇದೆ. ಸೋದರಮಾವ, ಚಿಕ್ಕಪ್ಪ ಅದರಲ್ಲಿದ್ದಾರೆ. ಚಿಕ್ಕಪ್ಪನ ಮಗ, ದೊಡ್ಡಪ್ಪನ ಮಗ ಇಲ್ಲ! ಅಂದರೆ ನಾನು ಅವನಿಗೆ ಲೆಕ್ಕದಲ್ಲಿ ಹೊರಗಿನವನೇ. ಆದರೂ ಹೊರಗಿನವರಿಂದ ಬಂದ ಉಡುಗೊರೆಗಳು ವರ್ಷಕ್ಕೆ 50,000 ರೂಪಾಯಿ ದಾಟದಿದ್ದರೆ ತೆರಿಗೆ ಇಲ್ಲ. ಹಾಗಾಗಿ 500 ರೂಪಾಯಿ ಟಿಕೆಟ್‌ಗೆ ಏನೂ ಇಲ್ಲ.

ಬಹುಮಾನ ಬಂದರೆ ಕಥೆ ಬೇರೆ. 1961ರ ಆದಾಯ ತೆರಿಗೆ ಕಾಯ್ದೆಯ 115ಬಿಬಿ ಪ್ರಕಾರ ಲಾಟರಿ ಹಣಕ್ಕೆ ನೇರ 30% ತೆರಿಗೆ, ಅದರ ಮೇಲೆ 4% ಸೆಸ್. 1 ಲಕ್ಷ ಬಂದರೆ 31,200 ರೂಪಾಯಿ ಹೋಯಿತು. ಸಂಬಳಕ್ಕೆ ಇರುವಂತೆ ಇಷ್ಟರವರೆಗೆ ತೆರಿಗೆ ಇಲ್ಲ ಎಂಬ ಮಿತಿ ಇದಕ್ಕಿಲ್ಲ. ಟಿಕೆಟ್‌ಗೆ ಹಾಕಿದ ದುಡ್ಡನ್ನೂ ಕಳೆಯುವಂತಿಲ್ಲ. ಗೆದ್ದವರು 18 ತುಂಬದವರಾದರೆ, 64(1ಎ) ಪ್ರಕಾರ ಆ ಆದಾಯ ಅಪ್ಪ-ಅಮ್ಮನಲ್ಲಿ ಯಾರ ಆದಾಯ ಹೆಚ್ಚೋ ಅವರ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಮನೆಯಲ್ಲಿ ಚಿಕ್ಕಮ್ಮನ ಸಂಬಳ ಜಾಸ್ತಿ. ಪ್ರಶ್ನೆ ಕೇಳಿದ್ದು ಚಿಕ್ಕಪ್ಪ, ಕಟ್ಟಬೇಕಾದವರು ಚಿಕ್ಕಮ್ಮ! 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ, ತತ್ವ ಅದೇ.

ಇದೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿ ಇದೆ, ಅದು ನನಗೆ ಬಹಳ ಹಿಡಿಸಿತು. ಮಗು ಮೈಬಗ್ಗಿಸಿ ದುಡಿದ ಹಣ, ಅಥವಾ ತನ್ನ ಕೌಶಲ, ಪ್ರತಿಭೆಯಿಂದ ಗಳಿಸಿದ ಹಣ ಅಪ್ಪ-ಅಮ್ಮನ ಲೆಕ್ಕಕ್ಕೆ ಹೋಗುವುದಿಲ್ಲ. ಅದು ಮಗುವಿನದೇ. ಬೆವರಿನ ಹಣ ನಿನ್ನದು, ಅದೃಷ್ಟದ ಹಣ ನಿನ್ನದಲ್ಲ ಅಂತ ಕಾನೂನೇ ಗೆರೆ ಎಳೆದಿದೆ.

ಇನ್ನು ಮಾರಾಟದ ಕಡೆ ನೋಡಿ. ಕರ್ನಾಟಕದಲ್ಲಿ 2007ರ ಏಪ್ರಿಲ್‌ನಿಂದ ಲಾಟರಿ ಮಾರಾಟ ನಿಷೇಧ. ಒಂದಂಕಿ ಲಾಟರಿ, ಆನ್‌ಲೈನ್ ಲೋಟೊ ಅಂತ ದಿನಗೂಲಿಯನ್ನೆಲ್ಲ ಸುರಿದು ಹಾಳಾದ ಮನೆಗಳ ಕಥೆಯನ್ನು ನಮ್ಮ ಅಪ್ಪಂದಿರ ಕಾಲದವರನ್ನು ಕೇಳಿದರೆ ಹೇಳ್ತಾರೆ. ಆದರೆ ತಲಪಾಡಿ ದಾಟಿ ಮಂಜೇಶ್ವರಕ್ಕೆ ಹೋದರೆ, ಅಲ್ಲೂ ಕನ್ನಡವೇ ಮಾತಾಡುವ ಜನ, ಅಲ್ಲಿ ಲಾಟರಿ ಸರ್ಕಾರದ್ದೇ ವ್ಯಾಪಾರ. ಕೇಂದ್ರದ 1998ರ ಲಾಟರಿ ಕಾಯ್ದೆ ಇದನ್ನು ಆಯಾ ರಾಜ್ಯಕ್ಕೆ ಬಿಟ್ಟಿದೆ. ಆ ಕಾಯ್ದೆಯ 4ನೇ ಸೆಕ್ಷನ್ ಓದಿ: ಒಂದಂಕಿ ಮೇಲೆ ಬಹುಮಾನ ಇಡಬಾರದು, ವಾರಕ್ಕೆ ಒಂದಕ್ಕಿಂತ ಹೆಚ್ಚು ಡ್ರಾ ಬೇಡ, ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್ ಬೇಡ ಅಂತೆಲ್ಲ ಷರತ್ತುಗಳಿವೆ. ಕೊಳ್ಳುವವರ ವಯಸ್ಸು ಎಷ್ಟಿರಬೇಕು ಅನ್ನೋ ಮಾತು ಅದರಲ್ಲಿ ಇಲ್ಲ.

1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಒಪ್ಪಂದ ಮಾಡಿಕೊಳ್ಳಲು ಅರ್ಹರಲ್ಲ. ಅಂಥ ಒಪ್ಪಂದ ಮೊದಲಿನಿಂದಲೇ ಅಸಿಂಧು ಅಂತ 1903ರಲ್ಲೇ ಪ್ರಿವಿ ಕೌನ್ಸಿಲ್ ಹೇಳಿದೆ. ಆದರೆ ಉಡುಗೊರೆ ಪಡೆಯೋಕೆ ಅವರಿಗೆ ಅಡ್ಡಿಯಿಲ್ಲ. ಈ ಸಂದಿಯಲ್ಲೇ ನಾನು ನುಸುಳಿದ್ದು. ನಾನು ಮಾರಿಲ್ಲ, ಕೊಟ್ಟೆ. ಅವನು ಕೊಂಡಿಲ್ಲ, ಇಸ್ಕೊಂಡ.

ಸರ್ಕಾರ ತನ್ನ ಪಾಲು ಎಷ್ಟು ಅನ್ನೋದನ್ನ ಪೈಸೆ ಲೆಕ್ಕದಲ್ಲಿ ಬರೆದಿಟ್ಟಿದೆ. ಮಗುವಿನ ವಯಸ್ಸನ್ನೂ ಅಷ್ಟೇ ಸ್ಪಷ್ಟವಾಗಿ ಕೇಂದ್ರ ಕಾಯ್ದೆಯಲ್ಲೇ ಬರೆಯಬೇಕು ಅನ್ನೋದು ನನ್ನ ವಾದ. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಗೇಮ್‌ಗಳನ್ನು ವಯಸ್ಸಿನ ಭೇದವಿಲ್ಲದೆ ನಿಷೇಧಿಸುವ ಕಾನೂನು ಎರಡೇ ದಿನದಲ್ಲಿ ಸಂಸತ್ತಿನ ಎರಡೂ ಸದನ ದಾಟಿತು. ಕಾಗದದ ಟಿಕೆಟ್‌ಗೆ ಒಂದು ಸಾಲು ಸೇರಿಸೋದು ಅಷ್ಟು ಕಷ್ಟವಾ?

"ಏನ್ ಮಗಾ, 500 ರೂಪಾಯಿಗೆ ಇಷ್ಟು ಸೀನಾ? ಮನೇಲಿ ಹಬ್ಬಕ್ಕೆ ಹೌಸಿ ಆಡಲ್ವಾ?" ಅಂತ ರೂಮ್‌ಮೇಟ್ ಕೇಳಿದ. ಆಡ್ತೀವಿ. ಆದರೆ ಹೌಸಿ ಅವತ್ತೇ ರಾತ್ರಿ ಮುಗಿಯುತ್ತೆ, ಚಿಲ್ಲರೆ ಮನೆಯಲ್ಲೇ ಉಳಿಯುತ್ತೆ. ಲಾಟರಿ ಹಾಗಲ್ಲ ಅಂತ ನನಗೆ ಗೊತ್ತಾಗಿದ್ದು ಡ್ರಾ ದಿನ.

ಅವತ್ತು ತಮ್ಮ ಫೋನ್ ಮಾಡಿದ. ಸಣ್ಣ ಬಹುಮಾನಗಳನ್ನು ಕೊನೆಯ ನಾಲ್ಕು ಅಂಕಿ ನೋಡಿ ಕೊಡ್ತಾರೆ. ಅವನದು ಒಂದು ಅಂಕಿಯಲ್ಲಿ ತಪ್ಪಿತ್ತು. "ಅಣ್ಣಾ, ಜಸ್ಟ್ ಮಿಸ್! ನೆಕ್ಸ್ಟ್ ಟೈಮ್ ಎರಡು ತಗೊಂಡ್ ಬಾ, ಪಕ್ಕಾ ಬರುತ್ತೆ." ಜಸ್ಟ್ ಮಿಸ್ ಅನ್ನೋದು ಇಲ್ಲ, ನಾಲ್ಕರಲ್ಲಿ ಮೂರು ಅಂಕಿ ಹೊಂದಿದರೂ ಮುಂದಿನ ಡ್ರಾಗೆ ಅದರಿಂದ ಏನೂ ಆಗಲ್ಲ ಅಂತ ಪ್ರಾಬಬಿಲಿಟಿ ಓದಿದ ನಮಗೆ ಗೊತ್ತು. 14 ವರ್ಷದವನಿಗೆ ಗೊತ್ತಿಲ್ಲ. ನಾನು ಕೊಟ್ಟ ಗಿಫ್ಟ್ ಕಾಗದ ಅಲ್ಲ, ಆ "ಪಕ್ಕಾ ಬರುತ್ತೆ" ಅನ್ನೋ ನಂಬಿಕೆ. ಅದಕ್ಕೆ ಟಿಡಿಎಸ್ ಇಲ್ಲ, ರಿಫಂಡೂ ಇಲ್ಲ.

ಇದು ಬರೀ ಸಣ್ಣ ತಮ್ಮ-ತಂಗಿಯರ ವಿಷಯ ಅಲ್ಲ. ಫಸ್ಟ್ ಇಯರ್‌ನಲ್ಲಿ ಇನ್ನೂ 17 ನಡೆಯುತ್ತಿರುವವರು ನಮ್ಮ ಕ್ಲಾಸುಗಳಲ್ಲೇ ಇದ್ದಾರೆ. ಟ್ರಿಪ್‌ನಲ್ಲಿ ಅವರ ಕೈಗೆ ಟಿಕೆಟ್ ತುರುಕೋ ಸೀನಿಯರ್‌ಗಳು ನಾವೇ. ಕಾನೂನು ಆ ಸಾಲು ಬರೆಯೋವರೆಗೆ ನಾವೇ ಬರ್ಕೊಳ್ಳೋಣ: 18 ತುಂಬದವರಿಗೆ ಟಿಕೆಟ್ ಕೊಡಲ್ಲ.

ಈ ವರ್ಷ ಬರ್ತ್‌ಡೇಗೆ ಎಸ್.ಪಿ. ರೋಡಿಗೆ ಹೋಗಿ ಒಂದು ಆರ್ಡುಯಿನೊ ಕಿಟ್ ತಂದುಕೊಟ್ಟೆ. ಎಲ್‌ಇಡಿ ಮಿಣುಕಿಸಿ ಖುಷಿಪಟ್ಟ. ಆಮೇಲೆ ಮೆಲ್ಲಗೆ ಕೇಳಿದ: "ಈ ಸಲ ಕೇರಳ ಕಡೆ ಹೋಗಲ್ವಾ ಅಣ್ಣಾ?"