ನೀರಿನ ಲೆಕ್ಕ, ಭಾಗ 3: ಮೊದಲ ನೀರು ಕೊನೇ ಗದ್ದೆಗೆ 🌾

ಫೋಟೋದಲ್ಲಿ ಬಿರುಕು ಬಿಟ್ಟಿರೋದು ನಮ್ಮ ಸೋದರಮಾವನ ಗದ್ದೆ. ಹರಿಹರ ತಾಲ್ಲೂಕು, ಭದ್ರಾ ನಾಲೆಯ ಕೊನೇ ಭಾಗ. ನಾಲೆಗೆ ನೀರು ಬಿಟ್ಟು 12 ದಿನ ಆದ್ರೂ ಮಾವನ ತೂಬಿಗೆ ಹನಿ ಬಂದಿರಲಿಲ್ಲ.

"ಡ್ಯಾಂ ತುಂಬೈತಲ್ಲೋ, ಮತ್ತೇನು ತೊಂದ್ರೆ?" ಅಂತ ಕ್ಲಾಸಲ್ಲಿ ಒಬ್ಬ ಕೇಳ್ದ. ಲಕ್ಕವಳ್ಳಿಯಲ್ಲಿ 186 ಅಡಿ ತುಂಬಿದ್ರೂ, ದಾರೀಲಿ ಪಂಪ್‌ಸೆಟ್ ಇಟ್ಟು ಎತ್ತಿದ್ರೆ ಕೆಳಗೆ ಬರೋದು ಕೆಸರು. ಹಂಗಂತ ಮೇಲಿನವರನ್ನ ಬರೀ ಕಳ್ಳರು ಅನ್ನಲ್ಲ ನಾನು. 'ನಾನು ಬಿಟ್ರೆ ಪಕ್ಕದವನು ಎತ್ತುತಾನೆ' ಅನ್ನೋ ಭಯ ಅವರಿಗೂ ಇದೆ.

ಈ ಭಯಕ್ಕೆ ಪೊಲೀಸ್ ಕಾವಲು ಮದ್ದಲ್ಲ. ಬಳಸೋರೇ ನಿಯಮ ಮಾಡಿ, ಅವರೇ ಕಾವಲು ಕಾದ್ರೆ ಎಲ್ಲರ ಆಸ್ತಿ ಉಳಿಯುತ್ತೆ ಅಂತ ತೋರಿಸಿದ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಕೆರೆಗಳಲ್ಲಿ ನೀರಗಂಟಿ ಮಾಡ್ತಿದ್ದದ್ದೂ ಇದೇ ಕೆಲಸ!

ಈಗ ನೀರು ಬಳಕೆದಾರರ ಸಹಕಾರ ಸಂಘಗಳಿವೆ. ಸರದಿ ಪಟ್ಟಿ ಅವರ ಕೈಗೆ ಬರಲಿ, ಊರಿನ ಗೋಡೆ ಮೇಲೆ ಎಲ್ಲರಿಗೂ ಕಾಣಲಿ, ಸರದಿ ಕೊನೇ ಗದ್ದೆಯಿಂದ ಶುರುವಾಗಲಿ. ಮೇಲಿನವನ ತೂಬು ಎರಡು ದಿನ ತಡವಾದ್ರೂ ನೀರು ಅವನ ಕಣ್ಮುಂದೇ ಹರೀತಿರುತ್ತೆ. ಕೆಳಗಿನವನಿಗೆ ಆ ಧೈರ್ಯ ಇಲ್ಲ.

ಎಸ್.ಎಸ್. ಬಡಾವಣೇಲಿ ಕೂತ ನಮಗ್ಯಾಕೆ ಅಂದ್ರಾ? ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬೋದೂ ಇದೇ ಭದ್ರಾ ನಾಲೆ ನೀರಿಂದ.

ನಿಮ್ಮೂರಲ್ಲಿ ಸಂಘದ ಸಭೆ ಕೊನೇ ಸಲ ಯಾವಾಗ ಆಯ್ತು? ಮನೇಲಿ ಕೇಳಿ, ಕಾಮೆಂಟಲ್ಲಿ ಹೇಳಿ 👇

#ನೀರಿನಲೆಕ್ಕ #ಭದ್ರಾನಾಲೆ #ದಾವಣಗೆರೆ