ನೆಲದ ಸಮೀಪದ ಅಪಾಯ: ಹೆಲಿಕಾಪ್ಟರ್ ತರಬೇತಿಗೆ ಪ್ರತ್ಯೇಕ ಅಂಗಳ ಅಗತ್ಯ

ಹೆಲಿಕಾಪ್ಟರ್ ಅಪಘಾತವೆಂದೊಡನೆ ಮಂಜು ಕವಿದ ಬೆಟ್ಟಗಳು ನೆನಪಿಗೆ ಬರುವುದು ಸಹಜ. ಆದರೆ ಹಾರಾಟ ಕಲಿಯುವವರಿಗೆ ವಿಮಾನ ನಿಲ್ದಾಣದ ಅಂಗಳವೂ, ನೆಲದಿಂದ ಕೆಲವೇ ಅಡಿಗಳ ಎತ್ತರವೂ ಅಷ್ಟೇ ಅಪಾಯಕರ.

ಗಾಳಿಯಲ್ಲಿ ಒಂದೆಡೆ ನಿಲ್ಲುವುದು ಹೋವರ್. 25 ಅಡಿಗಿಂತ ಕೆಳಗೆ ನಿಧಾನವಾಗಿ ಸಾಗುವುದು ಹೋವರ್ ಟ್ಯಾಕ್ಸಿ. ಇವು ವಿದ್ಯಾರ್ಥಿಯ ಆರಂಭಿಕ ಪಾಠಗಳು. ಈ ಹಂತದಲ್ಲಿ ಯಂತ್ರದ ಕೆಳಗಿನ ಸ್ಕಿಡ್ ಹುಲ್ಲಿಗೋ ಡಾಂಬರಿನ ಅಂಚಿಗೋ ಸಿಕ್ಕಿದರೆ, ಅದನ್ನೇ ಕೀಲಾಗಿಸಿಕೊಂಡು ಇಡೀ ಯಂತ್ರ ಪಕ್ಕಕ್ಕೆ ಮಗುಚುತ್ತದೆ. ಓರೆ ಒಂದು ಮಿತಿಯನ್ನು ಮೀರಿದ ಮೇಲೆ ಸೈಕ್ಲಿಕ್ ದಂಡವನ್ನು ಎದುರು ದಿಕ್ಕಿಗೆ ಪೂರ್ತಿ ಎಳೆದರೂ ಫಲವಿಲ್ಲ. ಅದಕ್ಕೆ ಮೊದಲೇ ಕಲೆಕ್ಟಿವ್ ಸನ್ನೆಯನ್ನು ಮೆಲ್ಲನೆ ಇಳಿಸಬೇಕು. ಗಾಬರಿಗೊಂಡ ಹೊಸಬರು ಅದನ್ನು ಮೇಲಕ್ಕೆಳೆಯುವ ಸಂಭವವೇ ಹೆಚ್ಚು. ಎತ್ತರದಲ್ಲಿ ತಪ್ಪನ್ನು ತಿದ್ದಿಕೊಳ್ಳಲು ತುಸು ಕಾಲಾವಕಾಶವಿರುತ್ತದೆ. ಮೂರಡಿಯಲ್ಲಿ ಅದೂ ಇಲ್ಲ.

ಅನುಭವಿಗಳೂ ಇದಕ್ಕೆ ಹೊರತಲ್ಲ. 2023ರ ಮಾರ್ಚ್‌ನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಹೆಲಿಕಾಪ್ಟರ್ ಪರೀಕ್ಷಾ ಹಾರಾಟದ ವೇಳೆ ಕೊಚ್ಚಿ ವಿಮಾನ ನಿಲ್ದಾಣದಲ್ಲಿ 30-40 ಅಡಿ ಎತ್ತರದಿಂದ ನೆಲಕ್ಕೆ ಬಿದ್ದಿತು. ರನ್‌ವೇ ಸುಮಾರು ಎರಡು ಗಂಟೆ ಸ್ಥಗಿತಗೊಂಡಿತು. ಅದೇ ವರ್ಷ ನವೆಂಬರ್‌ನಲ್ಲಿ ಕೊಚ್ಚಿಯ ನೌಕಾ ವಾಯುನೆಲೆಯಲ್ಲಿ ಚೇತಕ್ ಹೆಲಿಕಾಪ್ಟರಿನ ಟ್ಯಾಕ್ಸಿ ಪರೀಕ್ಷೆ ನಡೆಯುತ್ತಿದ್ದಾಗ ನೆಲದ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ನುರಿತವರ ಕೈಯಲ್ಲೇ ಹೀಗಾಗುವುದಾದರೆ, ಕಲಿಯುವವರ ಬಗೆಗೆ ಎಷ್ಟು ಎಚ್ಚರ ವಹಿಸಿದರೂ ಕಡಿಮೆಯೇ.

ಅಮೆರಿಕದಲ್ಲಿ 1995ರಲ್ಲಿ ಜಾರಿಗೆ ಬಂದ ವಿಶೇಷ ನಿಯಮವು, ರಾಬಿನ್ಸನ್ ಆರ್-22ರಲ್ಲಿ ಹೊಸ ವಿದ್ಯಾರ್ಥಿ ಒಬ್ಬನೇ ಹಾರುವ ಮುನ್ನ ಬೋಧಕರೊಡನೆ 20 ಗಂಟೆ ಅಭ್ಯಾಸವನ್ನು ಕಡ್ಡಾಯಗೊಳಿಸಿತು. ಹೋವರ್ ಮಾಡುತ್ತಿರುವ ಹೆಲಿಕಾಪ್ಟರಿನಿಂದ ಸಣ್ಣ ವಿಮಾನಗಳು ರೋಟರ್ ವ್ಯಾಸದ ಮೂರರಷ್ಟು ದೂರವಿರಬೇಕೆಂಬ ಸಲಹೆಯೂ ಅಲ್ಲಿದೆ. ರೋಟರಿನಿಂದ ಕೆಳಗೆ ನುಗ್ಗುವ ಗಾಳಿಯೇ ಇದಕ್ಕೆ ಕಾರಣ.

ಇದು ವರ್ತಕರಿಗೆ ಸಂಬಂಧಿಸದ ವಿಷಯವೆಂದು ಭಾವಿಸಲಾಗದು. ಧ್ರುವ್ ಬೆಂಗಳೂರಿನ ಎಚ್‌ಎಎಲ್‌ನ ಉತ್ಪನ್ನ. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿದೆ. ಉತ್ಪಾದನೆ ಬೆಳೆದಂತೆ ಚಾಲಕರ ಬೇಡಿಕೆಯೂ ಬೆಳೆಯುತ್ತದೆ. ರನ್‌ವೇ ಎರಡು ಗಂಟೆ ಮುಚ್ಚಿದರೆ ಕೆಡುವ ಸರಕನ್ನು ಕಳುಹಿಸುವ ರಫ್ತುದಾರನೂ ನಷ್ಟದಲ್ಲಿ ಪಾಲುದಾರನಾಗುತ್ತಾನೆ.

ಪ್ರತ್ಯೇಕ ಅಂಗಳಕ್ಕೆ ಭೂಮಿ ದುಬಾರಿ ಎಂಬ ಆಕ್ಷೇಪಣೆ ನಿರಾಧಾರವಲ್ಲ. ಆದರೆ ಹೋವರ್ ಅಭ್ಯಾಸಕ್ಕೆ ಉದ್ದದ ರನ್‌ವೇ ಬೇಕಿಲ್ಲ. ನಿಂತ ವಿಮಾನಗಳಿಂದ ದೂರವಿರುವ, ಸ್ಕಿಡ್ ಸಿಕ್ಕಿಕೊಳ್ಳದ ಸಮತಟ್ಟು ಜಾಗ ಸಾಕು. ಹೊಸ ತರಬೇತಿ ಶಾಲೆಗಳಿಗೆ ಅನುಮತಿ ನೀಡುವಾಗ ಇದನ್ನು ಷರತ್ತಾಗಿಸಬೇಕು. ಕೈ ಸಿಕ್ಕುವ ಮೊದಲೇ ಪ್ರೆಸ್ ಯಂತ್ರಕ್ಕೆ ರಕ್ಷಣಾ ಕವಚ ಹಾಕಿಸುವ ಕೈಗಾರಿಕೋದ್ಯಮಿಗಳು ಈ ಬೇಡಿಕೆಯನ್ನು ಸರ್ಕಾರದ ಮುಂದಿಡಲು ಅರ್ಹರು.